ಥ್ಯಾಂಕ್ಸ್‌ಗಿವಿಂಗ್ ವಾರದ ತರಗತಿ ಚಟುವಟಿಕೆಗಳು: ಯಾವ ವಯಸ್ಸಿಗೆ ಯಾವುದು ಸೂಕ್ತ?

ಅಮೆರಿಕದ ಪ್ರಾಥಮಿಕ ಶಾಲೆಗಳಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಬರುವ, ಕೃತಜ್ಞತೆ ಹೇಳುವ ಹಬ್ಬವಾದ ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚಿನ ದಿನಗಳಲ್ಲಿ ಹೊಸ ಪಾಠವನ್ನು ಆರಂಭಿಸುವ ಶಿಕ್ಷಕರು ಕಡಿಮೆ. ಹಲವು ಶಾಲಾ ಜಿಲ್ಲೆಗಳಲ್ಲಿ ಬುಧವಾರದಿಂದಲೇ ರಜೆ ಶುರುವಾಗುತ್ತದೆ; ಕೆಲವೆಡೆ ಇಡೀ ವಾರ ಶಾಲೆ ಮುಚ್ಚಿರುತ್ತದೆ. ಉಳಿದ ಒಂದೆರಡು ದಿನಗಳನ್ನು ಥ್ಯಾಂಕ್ಸ್‌ಗಿವಿಂಗ್ ಚಟುವಟಿಕೆಗಳಿಗೆ ಮೀಸಲಿಡುವುದು ವಾಡಿಕೆಯಾಗಿದ್ದು, ಆ ಹೊತ್ತಿನಲ್ಲಿ ಶಿಕ್ಷಕರಿಗೆ ನೆರವಾಗಲು ರೂಮ್ ಪೇರೆಂಟ್‌ಗಳಾಗಿ ಮುಂದೆ ಬರುವವರಲ್ಲಿ ಕನ್ನಡಿಗ ತಂದೆತಾಯಿಯರೂ ಇದ್ದಾರೆ. ಹಬ್ಬವನ್ನು ತಾವು ಬಾಲ್ಯದಲ್ಲಿ ಕಾಣದೆ, ಮಕ್ಕಳ ಮೂಲಕವೇ ಮೊದಲ ಬಾರಿ ಪರಿಚಯ ಮಾಡಿಕೊಳ್ಳುತ್ತಿರುವ ಇಂಥ ಪೋಷಕರಿಗೂ, ಅಲ್ಲಿನ ಶಾಲೆಗಳಲ್ಲಿ ಕಲಿಸುತ್ತಿರುವ ಕನ್ನಡಿಗ ಶಿಕ್ಷಕರಿಗೂ ಆಯ್ಕೆಯಲ್ಲಿ ನೆರವಾಗಲೆಂದು ಈ ಹೋಲಿಕೆಯನ್ನು ಬರೆದಿದ್ದೇನೆ.

ಅಂತರಜಾಲದಲ್ಲಿ ಹುಡುಕಿದರೆ ನೂರಾರು ಚಟುವಟಿಕೆಗಳು ಸಿಗುತ್ತವೆ. ಅವುಗಳಲ್ಲಿ ಬಹುಪಾಲನ್ನು ಗೋಡೆಯ ಮೇಲೆ ಎಷ್ಟು ಚೆಂದ ಕಾಣುತ್ತವೆ ಎಂಬ ಲೆಕ್ಕದಲ್ಲೇ ಆರಿಸಲಾಗಿರುತ್ತದೆ. ನಾನು ಬೇರೆ ಅಳತೆಗೋಲನ್ನು ಇಟ್ಟುಕೊಂಡಿದ್ದೇನೆ. ಚಟುವಟಿಕೆಯ ಮುಖ್ಯ ಕೆಲಸವನ್ನು ಮಗುವೇ ಮಾಡುತ್ತದೆಯೇ, ಅಥವಾ ಹಿರಿಯರು ಕತ್ತರಿಸಿಟ್ಟದ್ದನ್ನು ಅಂಟಿಸಿ ಸುಮ್ಮನಾಗುತ್ತದೆಯೇ ಎಂಬುದು ಮೊದಲನೆಯದು. ಆ ಚಟುವಟಿಕೆ ಮಗುವಿಗೆ ಹೇಳಿಕೊಡುವ ಸಂಗತಿ ನಿಜವೇ ಎಂಬುದು ಎರಡನೆಯದು. ಥ್ಯಾಂಕ್ಸ್‌ಗಿವಿಂಗ್ ವಿಷಯದಲ್ಲಿ ಈ ಎರಡನೆಯ ಪ್ರಶ್ನೆಗೆ ಬೇರೆ ಯಾವ ಹಬ್ಬಕ್ಕಿಂತಲೂ ಹೆಚ್ಚು ತೂಕವಿದೆ. ಏಕೆಂದರೆ ತಲೆಮಾರುಗಳಿಂದ ಶಾಲೆಗಳಲ್ಲಿ ಆಡಿಸುತ್ತ ಬಂದ, ಇಂಗ್ಲೆಂಡಿನಿಂದ ಬಂದು ನೆಲೆಸಿದ ಪಿಲ್‌ಗ್ರಿಮ್‌ಗಳೂ ಅಲ್ಲಿನ ಮೂಲನಿವಾಸಿಗಳೂ 1621ರಲ್ಲಿ ಒಟ್ಟಿಗೆ ಉಂಡರೆಂಬ ಮೊದಲ ಥ್ಯಾಂಕ್ಸ್‌ಗಿವಿಂಗ್‌ನ ಕಥೆಗೂ ದಾಖಲೆಗಳು ಹೇಳುವುದಕ್ಕೂ ಬಹಳ ಅಂತರವಿದೆ.

ಗರಿಗಳ ಮೇಲೆ ಕೃತಜ್ಞತೆ, ಕಾಗದದ ಮೇಲೆ ಕೃತಜ್ಞತೆ

ಅಂಗೈಯನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು, ಹೆಬ್ಬೆರಳನ್ನು ಈ ಹಬ್ಬದ ಊಟದ ಮುಖ್ಯ ಖಾದ್ಯವಾದ ಟರ್ಕಿ ಕೋಳಿಯ ತಲೆಯಾಗಿಯೂ ಉಳಿದ ನಾಲ್ಕು ಬೆರಳುಗಳನ್ನು ಗರಿಗಳಾಗಿಯೂ ಮಾಡುವ ಚಿತ್ರವನ್ನು ಅಮೆರಿಕದಲ್ಲಿ ಬೆಳೆದವರಲ್ಲಿ ಮಾಡದವರೇ ವಿರಳ. ಇದಕ್ಕೆ ಬೇಕಾದದ್ದು ಕಾಗದ ಮತ್ತು ಕ್ರೇಯಾನ್ ಮಾತ್ರ. ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಕಿಂಡರ್‌ಗಾರ್ಟನ್ ಮಗುವಿನ ಬೆರಳುಗಳಿಗೆ ಒಳ್ಳೆಯ ಅಭ್ಯಾಸವೂ ಹೌದು. ಆ ವಯಸ್ಸಿನ ಅಂಗೈಯ ಗುರುತನ್ನು ತಾಯಂದಿರು ವರ್ಷಗಟ್ಟಲೆ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ ಎಂಬುದೂ ಸಣ್ಣ ಸಂಗತಿಯಲ್ಲ. ಇದರ ಮುಂದುವರಿದ ರೂಪದಲ್ಲಿ ಬಣ್ಣದ ಕಾಗದದ ಗರಿಗಳನ್ನು ಕತ್ತರಿಸಿ, ಒಂದೊಂದರ ಮೇಲೂ ತಾನು ಯಾವುದಕ್ಕೆ ಕೃತಜ್ಞನೆಂದು ಮಗು ಬರೆಯುತ್ತದೆ.

ಈ ಎರಡನೆಯ ರೂಪದಲ್ಲಿಯೇ ನನಗೆ ಕೊರತೆ ಕಾಣುವುದು. ಯಾವುದಕ್ಕೆ ಕೃತಜ್ಞ ಎಂದು ಕೇಳಿದರೆ ಆರೇಳು ವರ್ಷದ ಮಕ್ಕಳು ಅಮ್ಮ, ಅಪ್ಪ, ಮನೆ, ನಾಯಿ ಎಂದು ಬರೆಯುತ್ತಾರೆ. ಪಕ್ಕದ ಮಗುವಿನ ಗರಿಯನ್ನು ನೋಡಿ ಮತ್ತೊಂದು ಮಗುವೂ ಅದನ್ನೇ ಬರೆಯುತ್ತದೆ. ಉತ್ತರಗಳೇನೂ ತಪ್ಪಲ್ಲ, ಆದರೆ ಅಲ್ಲಿ ಯೋಚನೆ ನಡೆದಿರುವುದಿಲ್ಲ. ಪ್ರಶ್ನೆಯನ್ನು ಸ್ವಲ್ಪ ಬದಲಿಸಿ, ಈ ವಾರ ನಿನಗಾಗಿ ಯಾರು ಏನು ಮಾಡಿದರು ಎಂದು ಕೇಳಿದರೆ ಉತ್ತರಗಳು ಬೇರೆಯಾಗುತ್ತವೆ. ಬಿದ್ದಾಗ ಎತ್ತಿದ ಗೆಳತಿ, ಊಟದ ಡಬ್ಬಿ ಮರೆತ ದಿನ ಕೆಫೆಟೇರಿಯಾದಲ್ಲಿ ತಟ್ಟೆ ತುಂಬಿಸಿದವರು, ಶೂ ಲೇಸು ಕಟ್ಟಿಕೊಟ್ಟ ಅಣ್ಣ, ಹೀಗೆ ಒಬ್ಬೊಬ್ಬರಾಗಿ ಗರಿಗಳ ಮೇಲೆ ಬರುತ್ತಾರೆ. ಕಿಂಡರ್‌ಗಾರ್ಟನ್‌ನಲ್ಲಿ ಮಗು ಹೇಳಿದ ವಾಕ್ಯವನ್ನು ಹಿರಿಯರು ಬರೆದುಕೊಟ್ಟರೆ ಸಾಕು. ಆದರೆ ಅದನ್ನು ತಿದ್ದದೆ ಮಗುವಿನ ಮಾತಿನಲ್ಲೇ ಬರೆಯಬೇಕು.

ಒಂದನೆಯ ಗ್ರೇಡಿನ ಮಧ್ಯಭಾಗದಿಂದ ಮೇಲಿನ ಮಕ್ಕಳಿಗೆ ನಾನು ಗರಿಗಳನ್ನು ಬಿಟ್ಟು ಪತ್ರವನ್ನೇ ಶಿಫಾರಸು ಮಾಡುತ್ತೇನೆ. ಶಾಲಾ ಬಸ್ಸಿನ ಚಾಲಕರು, ಕಸ ಗುಡಿಸುವ ಕಸ್ಟೋಡಿಯನ್, ರಸ್ತೆ ದಾಟಿಸುವ ಕ್ರಾಸಿಂಗ್ ಗಾರ್ಡ್, ಶಾಲಾ ನರ್ಸ್, ಕೆಫೆಟೇರಿಯಾದ ಸಿಬ್ಬಂದಿ, ಇವರಲ್ಲಿ ಒಬ್ಬರಿಗೆ ಪತ್ರ ಬರೆಯುವ ಈ ಕೆಲಸಕ್ಕೆ ಗರಿಗಳಿಗಿಂತ ದುಪ್ಪಟ್ಟು ಸಮಯ ಬೇಕು, ಮತ್ತು ಒಂದು ದಿನದಲ್ಲಿ ಮುಗಿಸಲು ಹೊರಟರೆ ಕೆಡುತ್ತದೆ. ಮೊದಲ ದಿನ ಮಕ್ಕಳು ಆ ವ್ಯಕ್ತಿಯ ಕೆಲಸವನ್ನು ಗಮನಿಸಬೇಕು, ಸಾಧ್ಯವಾದರೆ ಅವರನ್ನೇ ಹತ್ತು ನಿಮಿಷ ತರಗತಿಗೆ ಕರೆದು ಪ್ರಶ್ನೆ ಕೇಳಬೇಕು. ಎರಡನೆಯ ದಿನ ಬರೆದು, ತಾವೇ ಕೈಯಾರೆ ಕೊಟ್ಟು ಬರಬೇಕು. ಬೆಳಗಿನ ಜಾವ ಎಷ್ಟು ಗಂಟೆಗೆ ಬಸ್ಸು ಹೊರಡಿಸುತ್ತೀರಿ ಎಂದು ಚಾಲಕರನ್ನು ಕೇಳಿ ತಿಳಿದ ಮಗುವಿನ ಪತ್ರಕ್ಕೂ, ಹಲಗೆಯ ಮೇಲಿನ ಸಾಲನ್ನು ನಕಲು ಮಾಡಿದ ಮಗುವಿನ ಪತ್ರಕ್ಕೂ ಇರುವ ವ್ಯತ್ಯಾಸ ಓದಿದ ಕೂಡಲೇ ಗೊತ್ತಾಗುತ್ತದೆ. ರೂಮ್ ಪೇರೆಂಟ್ ಇಲ್ಲಿ ಮಾಡಬಹುದಾದ ಉಪಕಾರವೆಂದರೆ ಹೆಸರುಗಳ ಪಟ್ಟಿಯನ್ನು ಮೊದಲೇ ಸಿದ್ಧಪಡಿಸಿ, ಒಬ್ಬರಿಗೆ ಹದಿನೈದು ಪತ್ರ, ಇನ್ನೊಬ್ಬರಿಗೆ ಒಂದೂ ಇಲ್ಲ ಎಂಬಂತಾಗದ ಹಾಗೆ ಹಂಚುವುದು. ಮಕ್ಕಳು ಮನೆಗೆ ಹೋದ ಮೇಲೆ ಬರುವ ರಾತ್ರಿ ಪಾಳಿಯ ಕಸ್ಟೋಡಿಯನ್ ಹೆಸರು ಆ ಪಟ್ಟಿಯಲ್ಲಿ ತಪ್ಪದೆ ಇರಲಿ.

ಮೂರರಿಂದ ಐದನೆಯ ಗ್ರೇಡಿನವರಿಗೆ ಪತ್ರದ ಚಟುವಟಿಕೆಗೆ ಹಬ್ಬದ ಇತಿಹಾಸದಲ್ಲಿಯೇ ಗಟ್ಟಿಯಾದ ಬುನಾದಿಯಿದೆ. ಸಾರಾ ಜೋಸೆಫಾ ಹೇಲ್ ಎಂಬ ಪತ್ರಿಕಾ ಸಂಪಾದಕಿ ದೇಶಕ್ಕೆಲ್ಲ ಒಂದೇ ದಿನ ಥ್ಯಾಂಕ್ಸ್‌ಗಿವಿಂಗ್ ಆಗಬೇಕೆಂದು ಗವರ್ನರುಗಳಿಗೂ ಅಧ್ಯಕ್ಷರಿಗೂ ವರ್ಷಗಳ ಕಾಲ ಪತ್ರ ಬರೆದರು. 1863ರ ಸೆಪ್ಟೆಂಬರ್ 28ರಂದು ಅವರು ಅಬ್ರಹಾಂ ಲಿಂಕನ್ನರಿಗೆ ಬರೆದರು; ಅಂತರ್ಯುದ್ಧದ ನಡುವೆಯೇ ಅಕ್ಟೋಬರ್ 3ರಂದು ಲಿಂಕನ್ ಘೋಷಣೆ ಹೊರಡಿಸಿ, ನವೆಂಬರಿನ ಕೊನೆಯ ಗುರುವಾರವನ್ನು ಅದಕ್ಕೆ ಗೊತ್ತುಪಡಿಸಿದರು. ಒಂದು ಪತ್ರದಿಂದ ದೇಶದ ಪಂಚಾಂಗವೇ ಬದಲಾಗಬಹುದೆಂದು ತಿಳಿದ ಹತ್ತು ವರ್ಷದ ಮಗುವಿಗೆ, ಶಾಲೆಯಲ್ಲಿ ಬದಲಾಗಬೇಕಾದ ಒಂದು ವಿಷಯದ ಬಗ್ಗೆ ಪ್ರಾಂಶುಪಾಲರಿಗೆ ಕಾರಣಸಹಿತ ಪತ್ರ ಬರೆಯಲು ಹೇಳಿದರೆ ಅದು ಉತ್ಸಾಹದಿಂದ ಬರೆಯುತ್ತದೆ. ಬರವಣಿಗೆ ಬೇಡ, ಗಣಿತವೇ ಬೇಕು ಎನ್ನುವ ಶಿಕ್ಷಕರಿಗೂ ಇಲ್ಲೊಂದು ಅವಕಾಶವಿದೆ. 1941ರ ಡಿಸೆಂಬರಿನಲ್ಲಿ ಸಹಿಯಾದ ಕಾನೂನು ಕೊನೆಯ ಗುರುವಾರದ ಬದಲು ನಾಲ್ಕನೆಯ ಗುರುವಾರವನ್ನು ಗೊತ್ತುಮಾಡಿತು. ಹಾಗಾದರೆ ಹಬ್ಬ ಎಲ್ಲಕ್ಕಿಂತ ಮುಂಚೆ ಯಾವ ತಾರೀಖಿಗೆ, ಎಲ್ಲಕ್ಕಿಂತ ತಡವಾಗಿ ಯಾವ ತಾರೀಖಿಗೆ ಬರಬಹುದು ಎಂದು ಮಕ್ಕಳೇ ಕ್ಯಾಲೆಂಡರ್ ಹಿಡಿದು ಕಂಡುಹಿಡಿಯಲಿ. ಉತ್ತರ 22 ಮತ್ತು 28.

ವೇಷ ಹಾಕುವುದೋ, ದಾಖಲೆ ಓದುವುದೋ

ಅರ್ಧ ತರಗತಿ ಕಪ್ಪು ಕಾಗದದ ಟೋಪಿ ಧರಿಸಿ ಪಿಲ್‌ಗ್ರಿಮ್‌ಗಳಾಗಿ, ಉಳಿದರ್ಧ ಕಾಗದದ ಗರಿಗಳನ್ನು ತಲೆಗೆ ಕಟ್ಟಿಕೊಂಡು ಮೂಲನಿವಾಸಿಗಳಾಗಿ, ಒಟ್ಟಿಗೆ ಕುಳಿತು ಊಟ ಮಾಡುವ ಔತಣದ ಆಟವನ್ನು ಕೆಲವು ಶಾಲೆಗಳು ಇಂದಿಗೂ ನಡೆಸುತ್ತವೆ. ಇದನ್ನು ಆರಿಸಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ, ಮತ್ತು ಕನ್ನಡಿಗ ಪೋಷಕರಿಗೆ ಅದರ ಕಾರಣವನ್ನು ವಿವರವಾಗಿ ಹೇಳಬೇಕಾಗಿದೆ. ನಮ್ಮ ಊರಿನ ಶಾಲೆಗಳಲ್ಲಿ ಛದ್ಮವೇಷ ಸ್ಪರ್ಧೆಯೆಂದರೆ ಸಂಭ್ರಮ. ಮಗು ಓಬವ್ವನಾಗಿ ಒನಕೆ ಹಿಡಿದರೆ, ರಾಯಣ್ಣನಾಗಿ ಕತ್ತಿ ಹಿಡಿದರೆ ನಾವು ಚಪ್ಪಾಳೆ ತಟ್ಟಿದವರು. ಆದುದರಿಂದ ಕಾಗದದ ಗರಿಯಲ್ಲಿ ತಪ್ಪೇನಿದೆ ಎಂದು ನಮಗೆ ಅನಿಸುವುದು ಸಹಜ. ಆದರೆ ಅಲ್ಲಿ ಮಗು ತನ್ನ ಜನರ ಒಬ್ಬ ವೀರರನ್ನು ನೆನೆಯುತ್ತದೆ. ಇಲ್ಲಿ ಅದು ಇಂದಿಗೂ ಬದುಕಿರುವ, ನೆಲ ಕಳೆದುಕೊಂಡ ಬೇರೊಂದು ಜನಾಂಗವನ್ನು ಅವರದ್ದಲ್ಲದ ಉಡುಪಿನಲ್ಲಿ ತೋರಿಸುತ್ತದೆ. ಹದ್ದಿನ ಗರಿಗಳ ಆ ದೊಡ್ಡ ಕಿರೀಟ ಅಮೆರಿಕ ದೇಶದ ನಡುಭಾಗದ ಬಯಲುಸೀಮೆಯ ಬುಡಕಟ್ಟುಗಳಲ್ಲಿ ಗೌರವಾನ್ವಿತರು ಧರಿಸುತ್ತಿದ್ದುದು. ಪಿಲ್‌ಗ್ರಿಮ್‌ಗಳು ನೆಲೆಸಿದ, ಇಂದಿನ ಮ್ಯಾಸಚೂಸೆಟ್ಸ್‌ನ ಪ್ಲಿಮತ್ ಪ್ರದೇಶದ ವಾಂಪನೋಗ್ ಜನರದ್ದಲ್ಲ. ಬಕಲ್ ಇರುವ ಕಪ್ಪು ಟೋಪಿಯಾದರೂ ಅಷ್ಟೇ, ಅದು ಹತ್ತೊಂಬತ್ತನೆಯ ಶತಮಾನದ ಚಿತ್ರಕಾರರು ಕೊಟ್ಟ ರೂಪ. ಹೀಗೆ ಒಂದೇ ಆಟದಲ್ಲಿ ಎರಡೂ ಕಡೆಯ ವೇಷ ಸುಳ್ಳಾಗುತ್ತದೆ. ತರಗತಿಯಲ್ಲಿ ಮೂಲನಿವಾಸಿ ಕುಟುಂಬದ ಮಗುವೊಂದು ಕುಳಿತಿದ್ದರೆ ಆ ಮಧ್ಯಾಹ್ನ ಅದಕ್ಕೆ ಏನನ್ನಿಸೀತು ಎಂಬುದನ್ನು ಆಯ್ಕೆ ಮಾಡುವವರು ಯೋಚಿಸಲೇಬೇಕು.

ಇದಕ್ಕೆ ಬದಲಿಯಾಗಿ ನಾಲ್ಕು ಮತ್ತು ಐದನೆಯ ಗ್ರೇಡುಗಳಿಗೆ ನನಗೆ ತೀರ ಇಷ್ಟವಾದ ಚಟುವಟಿಕೆಯೆಂದರೆ ಮೂಲ ದಾಖಲೆಯ ಓದು. 1621ರ ಆ ಸುಗ್ಗಿಯ ಊಟದ ಬಗ್ಗೆ ಅಲ್ಲಿದ್ದವರೇ ಬರೆದ ವಿವರ ಬಹಳ ಚಿಕ್ಕದು. ಎಡ್ವರ್ಡ್ ವಿನ್ಸ್‌ಲೋ ಎಂಬಾತ 1621ರ ಡಿಸೆಂಬರ್ 11ರಂದು ಬರೆದ ಪತ್ರದಲ್ಲಿ ಅದು ಕೆಲವೇ ವಾಕ್ಯಗಳಷ್ಟಿದೆ. ಸುಗ್ಗಿ ಮುಗಿದ ಮೇಲೆ ನಾಲ್ವರು ಹಕ್ಕಿ ಬೇಟೆಗೆ ಹೋದದ್ದು, ಒಂದೇ ದಿನದಲ್ಲಿ ಎಲ್ಲರಿಗೂ ಹೆಚ್ಚುಕಡಿಮೆ ಒಂದು ವಾರಕ್ಕಾಗುವಷ್ಟು ಹಕ್ಕಿಗಳನ್ನು ತಂದದ್ದು, ಮಾಸಸಾಯಿಟ್ ಎಂಬ ನಾಯಕ ಸುಮಾರು ತೊಂಬತ್ತು ಗಂಡಸರೊಡನೆ ಬಂದದ್ದು, ಮೂರು ದಿನ ಔತಣ ನಡೆದದ್ದು, ವಾಂಪನೋಗರು ಐದು ಜಿಂಕೆಗಳನ್ನು ಬೇಟೆಯಾಡಿ ತಂದುಕೊಟ್ಟದ್ದು, ಇಷ್ಟೇ ಅದರ ಸಾರ. ಇಂಗ್ಲಿಷಿನ ಹಳೆಯ ಕಾಗುಣಿತವನ್ನು ಇಂದಿನದಕ್ಕೆ ತಂದು ಮುದ್ರಿಸಿಕೊಟ್ಟರೆ ಹತ್ತು ವರ್ಷದ ಮಕ್ಕಳು ತಾವೇ ಓದಬಲ್ಲರು.

ಓದುವ ಮುಂಚೆ, ಮೊದಲ ಥ್ಯಾಂಕ್ಸ್‌ಗಿವಿಂಗ್ ಬಗ್ಗೆ ತಮಗೆ ಗೊತ್ತಿರುವುದನ್ನೆಲ್ಲ ಮಕ್ಕಳು ಒಂದು ಹಾಳೆಯಲ್ಲಿ ಬರೆಯಲಿ. ಓದಿದ ಮೇಲೆ ಅವುಗಳಲ್ಲಿ ಪತ್ರದಲ್ಲಿ ಇರುವುದಕ್ಕೆ ಒಂದು ಬಣ್ಣ, ಇಲ್ಲದ್ದಕ್ಕೆ ಇನ್ನೊಂದು ಬಣ್ಣ ಹಚ್ಚಲಿ. ಪಂಪ್ಕಿನ್ ಪೈ ಇಲ್ಲ, ಆಲೂಗಡ್ಡೆ ಇಲ್ಲ, ಕ್ರ್ಯಾನ್‌ಬೆರಿ ಸಾಸ್ ಇಲ್ಲ. ಟರ್ಕಿಯ ಹೆಸರೂ ಇಲ್ಲ, ಬರೀ ಹಕ್ಕಿಗಳೆಂದಿದೆ. ಆದರೆ ವಸಾಹತಿನ ಗವರ್ನರ್ ವಿಲಿಯಂ ಬ್ರ್ಯಾಡ್‌ಫರ್ಡ್ ಆ ಶರತ್ಕಾಲದ ಬಗ್ಗೆ ಮುಂದೆ ಬರೆದದ್ದರಲ್ಲಿ ಕಾಡು ಟರ್ಕಿಗಳ ಪ್ರಸ್ತಾಪವಿದೆ. ಎರಡು ದಾಖಲೆಗಳನ್ನು ಎದುರುಬದುರು ಇಟ್ಟಾಗ ಮಕ್ಕಳ ನಡುವೆ ಏಳುವ ಚರ್ಚೆಯನ್ನು ಯಾವ ಕ್ರಾಫ್ಟ್ ಕೂಡ ಹುಟ್ಟಿಸಲಾರದು. ಕೊನೆಗೆ ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಬರಹಗಳೆಲ್ಲ ಯಾರವು? ಬಂದಿದ್ದ ತೊಂಬತ್ತು ಮಂದಿಯಲ್ಲಿ ಒಬ್ಬರ ಬರಹವೂ ನಮ್ಮ ಮುಂದಿಲ್ಲ ಎಂಬುದನ್ನು ಮಕ್ಕಳೇ ಗುರುತಿಸಿದರೆ ಪಾಠ ಸಾರ್ಥಕವಾದಂತೆ.

ಎಷ್ಟು ಹೇಳಬೇಕು, ಎಷ್ಟನ್ನು ಮುಂದಿನ ವರ್ಷಗಳಿಗೆ ಬಿಡಬೇಕು ಎಂಬುದರಲ್ಲಿ ವಯಸ್ಸನ್ನು ನೋಡಿಕೊಳ್ಳಬೇಕು. ವಸಾಹತುಗಾರರಿಗೆ ಮೆಕ್ಕೆಜೋಳ ಬಿತ್ತುವುದನ್ನು ಕಲಿಸಿದ ಟಿಸ್ಕ್ವಾಂಟಮ್ ಎಂಬ ಮೂಲನಿವಾಸಿಯ ಬಗ್ಗೆ ಎಲ್ಲ ಮಕ್ಕಳೂ ಕೇಳಿರುತ್ತಾರೆ. ಅವನನ್ನು 1614ರಲ್ಲಿ ಒಬ್ಬ ಇಂಗ್ಲಿಷ್ ಹಡಗಿನವನು ಅಪಹರಿಸಿ ಸ್ಪೇನಿಗೆ ಒಯ್ದಿದ್ದನೆಂಬುದು, 1619ರಲ್ಲಿ ಅವನು ಊರಿಗೆ ಮರಳಿದಾಗ ಪಟುಕ್ಸೆಟ್ ಎಂಬ ಅವನ ಹಳ್ಳಿ ಸಾಂಕ್ರಾಮಿಕ ರೋಗದಿಂದ ನಿರ್ಜನವಾಗಿತ್ತೆಂಬುದು, ಪ್ಲಿಮತ್ ವಸಾಹತು ಎದ್ದದ್ದು ಅದೇ ಹಳ್ಳಿಯ ಜಾಗದಲ್ಲಿ ಎಂಬುದು ಬಹುತೇಕರಿಗೆ ತಿಳಿದಿರುವುದಿಲ್ಲ. ಐದನೆಯ ಗ್ರೇಡಿನ ಮಕ್ಕಳಿಗೆ ಇದನ್ನೆಲ್ಲ ಹೇಳಬಹುದು; 1621ರ ಸ್ನೇಹ 1675ರ ಹೊತ್ತಿಗೆ ಯುದ್ಧವಾಗಿ ಮುರಿದದ್ದನ್ನೂ, 1970ರಿಂದ ಪ್ರತಿ ಥ್ಯಾಂಕ್ಸ್‌ಗಿವಿಂಗ್ ದಿನ ಪ್ಲಿಮತ್‌ನ ಕೋಲ್ಸ್ ಹಿಲ್ ಮೇಲೆ ಮೂಲನಿವಾಸಿಗಳು ರಾಷ್ಟ್ರೀಯ ಶೋಕದಿನವನ್ನು ಆಚರಿಸುತ್ತಿರುವುದನ್ನೂ ಹೇಳಬಹುದು. ಎರಡನೆಯ ಗ್ರೇಡಿನವರಿಗೆ, ಹಡಗು ಬರುವ ಮುಂಚೆಯೇ ಬಹಳ ಜನ ರೋಗದಿಂದ ಸತ್ತಿದ್ದರು, ಉಳಿದವರು ಹೊಸಬರಿಗೆ ಬೆಳೆ ಬೆಳೆಯುವುದನ್ನು ತೋರಿಸಿಕೊಟ್ಟರು ಎಂಬಷ್ಟು ಸಾಕು. ಎಲ್ಲ ವಯಸ್ಸಿಗೂ ಪಾಲಿಸಬೇಕಾದ ನಿಯಮವೆಂದರೆ ವಾಂಪನೋಗರ ಬಗ್ಗೆ ವರ್ತಮಾನ ಕಾಲದಲ್ಲಿಯೂ ಮಾತನಾಡುವುದು. ಮ್ಯಾಶ್ಪಿ ಮತ್ತು ಅಕ್ವಿನಾ ವಾಂಪನೋಗ್ ಬುಡಕಟ್ಟುಗಳು ಇಂದಿಗೂ ಮ್ಯಾಸಚೂಸೆಟ್ಸ್‌ನಲ್ಲಿವೆ. ನವೆಂಬರ್ ತಿಂಗಳೇ ಅಮೆರಿಕದ ಮೂಲನಿವಾಸಿಗಳ ಪರಂಪರೆಯ ಮಾಸವೂ ಆಗಿದೆ. ಪಾಠಕ್ಕೆ ಬೇಕಾದ ಸಾಮಗ್ರಿಯನ್ನು ಸ್ಮಿತ್ಸೋನಿಯನ್ ಸಂಸ್ಥೆಯ ಮೂಲನಿವಾಸಿಗಳ ವಸ್ತುಸಂಗ್ರಹಾಲಯ ಶಿಕ್ಷಕರಿಗೆಂದೇ ಉಚಿತವಾಗಿ ಒದಗಿಸುತ್ತದೆ. ಪ್ಲಿಮತ್ ಪಟುಕ್ಸೆಟ್ ವಸ್ತುಸಂಗ್ರಹಾಲಯದ ಜಾಲತಾಣವೂ ಮಕ್ಕಳಿಗೆ ಹಿಡಿಸುವಂತಿದೆ.

ಕಿಂಡರ್‌ಗಾರ್ಟನ್ ಮತ್ತು ಒಂದನೆಯ ಗ್ರೇಡಿಗೆ 1621ರ ಕಥೆಯೇ ಬೇಡ ಎನ್ನುವವರ ಪಕ್ಷ ನನ್ನದು. ಅಷ್ಟು ಚಿಕ್ಕ ಮಕ್ಕಳಿಗೆ ಸುಗ್ಗಿ, ಊಟ, ಹಂಚಿಕೊಳ್ಳುವಿಕೆ ಇವೇ ಸಾಕಷ್ಟು ದೊಡ್ಡ ವಿಷಯಗಳು.

ನ್ಯೂಯಾರ್ಕ್ ಮತ್ತು ಕೆನಡಾದ ಗಡಿಭಾಗದ ಹೊಡೆನೊಶೋನಿ ಜನರಲ್ಲಿ ಸಭೆಗಳ ಆರಂಭದಲ್ಲಿ ಹೇಳುವ ಕೃತಜ್ಞತಾ ನುಡಿಗಳಿವೆ. ಜನರಿಂದ ಮೊದಲುಗೊಂಡು ಭೂಮಿ, ನೀರು, ಮೀನು, ಸಸ್ಯ, ಪ್ರಾಣಿ, ಮರ, ಹಕ್ಕಿ, ಗಾಳಿ, ಗುಡುಗು, ಸೂರ್ಯ, ಚಂದ್ರ, ನಕ್ಷತ್ರಗಳವರೆಗೆ ಒಂದೊಂದಕ್ಕೂ ಪ್ರತ್ಯೇಕವಾಗಿ ವಂದಿಸುತ್ತ ಹೋಗುವ ಆ ಕ್ರಮವನ್ನು ಮಕ್ಕಳಿಗೆ ಪರಿಚಯಿಸಬಹುದು. ಅದನ್ನು ತರಗತಿಯಲ್ಲಿ ಆಚರಣೆಯಂತೆ ಪಠಿಸುವುದಕ್ಕಿಂತ, ಓದಿ ಕೇಳಿಸಿ, ಯಾರದೆಂದು ಹೇಳಿ, ಬಳಿಕ ಮಕ್ಕಳು ತಮ್ಮ ಬೀದಿಯ ನೆಲದಿಂದ ಆಕಾಶದವರೆಗೆ ಕಂಡ ಒಂದೊಂದಕ್ಕೆ ಒಂದೊಂದು ಸಾಲು ಬರೆಯುವಂತೆ ಮಾಡುವುದು ಲೇಸು. ಎರಡನೆಯ ಗ್ರೇಡಿನಿಂದ ಇದು ಚೆನ್ನಾಗಿ ನಡೆಯುತ್ತದೆ.

ಬೆಣ್ಣೆ, ಕ್ರ್ಯಾನ್‌ಬೆರಿ, ಮೂವರು ಅಕ್ಕತಂಗಿಯರು

ಕೈಯಿಂದ ಮಾಡಿ ನೋಡುವ ಚಟುವಟಿಕೆಗಳಲ್ಲಿ ಮೂರು ಮುಖ್ಯವಾದವು, ಮತ್ತು ಮೂರೂ ಬೇರೆ ಬೇರೆ ವಯಸ್ಸಿಗೆ ಸಲ್ಲುತ್ತವೆ.

ಚಿಕ್ಕ ಮುಚ್ಚಳದ ಬಾಟಲಿಯಲ್ಲಿ ಮೂರನೆಯ ಒಂದು ಭಾಗದಷ್ಟು ಹೆವಿ ಕ್ರೀಮ್ ಹಾಕಿ, ಮಕ್ಕಳು ಸರದಿಯಲ್ಲಿ ಕುಲುಕಿ ಬೆಣ್ಣೆ ತೆಗೆಯುವುದು ಕಿಂಡರ್‌ಗಾರ್ಟನ್ ಮತ್ತು ಒಂದನೆಯ ಗ್ರೇಡಿಗೆ ಹೇಳಿಮಾಡಿಸಿದ್ದು. ಹತ್ತು ಹದಿನೈದು ನಿಮಿಷ ಬಿಡದೆ ಕುಲುಕಿದರೆ ಕೊಬ್ಬಿನ ಕಣಗಳ ಹೊರಪದರ ಒಡೆದು ಅವು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತವೆ. ಕ್ರೀಮ್ ಮೊದಲು ದಪ್ಪವಾಗಿ ಸದ್ದೇ ಇಲ್ಲದಂತಾಗಿ, ಬಳಿಕ ಒಮ್ಮೆಲೇ ಮಜ್ಜಿಗೆ ಬೇರ್ಪಟ್ಟು ಮುದ್ದೆ ಗುಡುಗುಡು ಹೊರಳುವಾಗ ಮಕ್ಕಳ ಮುಖವನ್ನೇ ನೋಡಬೇಕು. ಮೊಸರು ಕಡೆದು ಬೆಣ್ಣೆ ತೆಗೆಯುವ ಮನೆಯಿಂದ ಬಂದ ಅಜ್ಜಿಯರು ಆ ದಿನಗಳಲ್ಲಿ ಮಗಳ ಮನೆಗೆ ಬಂದಿದ್ದರೆ ಅವರನ್ನು ಶಾಲೆಯ ಅನುಮತಿ ಪಡೆದು ಕರೆದೊಯ್ಯಬಹುದು. ಕಡಗೋಲು ಹೇಗೆ ತಿರುಗುತ್ತದೆಂದು ತೋರಿಸಲು ಅವರಿಗೆ ಇಂಗ್ಲಿಷ್ ಬರಬೇಕೆಂದಿಲ್ಲ. ಆದರೆ ಇದು ಪಿಲ್‌ಗ್ರಿಮ್‌ಗಳ ಔತಣದ ಬೆಣ್ಣೆ ಎಂದು ಮಕ್ಕಳಿಗೆ ಹೇಳಬಾರದು. ಪ್ಲಿಮತ್‌ಗೆ ಮೊದಲ ದನಗಳು ಬಂದದ್ದು 1624ರಲ್ಲಿ.

ಕ್ರ್ಯಾನ್‌ಬೆರಿ ಪ್ರಯೋಗ ಎರಡರಿಂದ ನಾಲ್ಕನೆಯ ಗ್ರೇಡಿಗೆ ಒಪ್ಪುತ್ತದೆ. ಹಣ್ಣು ನೀರಿನಲ್ಲಿ ಮುಳುಗುವುದೋ ತೇಲುವುದೋ ಎಂದು ಮೊದಲು ಊಹಿಸಿ ಬರೆದು, ಆಮೇಲೆ ಹಾಕಿ ನೋಡಿ, ಹಿರಿಯರು ಅಡ್ಡಕ್ಕೆ ಕತ್ತರಿಸಿ ತೋರಿಸಿದಾಗ ಒಳಗಿನ ನಾಲ್ಕು ಗಾಳಿಗೂಡುಗಳು ಕಾಣುತ್ತವೆ. ಕೊಯ್ಲಿನ ಕಾಲದಲ್ಲಿ ರೈತರು ಜೌಗುಗದ್ದೆಗೆ ನೀರು ತುಂಬಿಸಿ ಹಣ್ಣುಗಳನ್ನು ತೇಲಿಸಿ ಒಟ್ಟುಮಾಡುವುದಕ್ಕೂ, ಒಳ್ಳೆಯ ಹಣ್ಣು ನೆಲಕ್ಕೆ ಬಿದ್ದರೆ ಪುಟಿಯುವುದಕ್ಕೂ ಈ ಗೂಡುಗಳೇ ಕಾರಣ. ಬೇಯಿಸಿ ಸೋಸಿದ ಕ್ರ್ಯಾನ್‌ಬೆರಿ ನೀರಿಗೆ ನಿಂಬೆರಸ ಹಾಕಿದರೆ ಕೆಂಪು ಉಳಿಯುತ್ತದೆ, ಅಡುಗೆ ಸೋಡಾ ಹಾಕಿದರೆ ಬಣ್ಣ ನೇರಳೆಯತ್ತ ತಿರುಗುತ್ತದೆ. ಖರ್ಚು ಕಡಿಮೆ, ಗಲೀಜು ಸ್ವಲ್ಪ ಹೆಚ್ಚು. ಮೇಜಿಗೆ ಹಳೆಯ ಪತ್ರಿಕೆ ಹಾಸುವುದನ್ನು ಮರೆಯಬಾರದು.

ಮೂವರು ಅಕ್ಕತಂಗಿಯರೆಂದು ಮೂಲನಿವಾಸಿಗಳು ಕರೆಯುವ ಮೆಕ್ಕೆಜೋಳ, ಬೀನ್ಸ್, ಕುಂಬಳ ಈ ಮೂರನ್ನು ಒಟ್ಟಿಗೆ ಬೆಳೆಯುವ ಪದ್ಧತಿಯ ಪಾಠಕ್ಕೆ ಸಿದ್ಧತೆ ಹೆಚ್ಚು ಬೇಕು. ಒದ್ದೆ ಮಾಡಿದ ಪೇಪರ್ ಟವೆಲ್‌ನಲ್ಲಿ ಬೀಜಗಳನ್ನು ಸುತ್ತಿ ಜಿಪ್ ಚೀಲದಲ್ಲಿಟ್ಟು ಕಿಟಕಿಗೆ ಅಂಟಿಸುವ ಕೆಲಸವನ್ನು ಹಬ್ಬಕ್ಕೆ ಒಂದು ವಾರ ಮುಂಚೆಯೇ ಶುರುಮಾಡಬೇಕು. ಆದರೆ ಮೂರರಲ್ಲಿ ತಿರುಳು ಹೆಚ್ಚಿರುವುದು ಇದರಲ್ಲಿಯೇ. ಜೋಳದ ದಂಟು ಬೀನ್ಸ್ ಬಳ್ಳಿಗೆ ಆಸರೆಯಾಗುತ್ತದೆ, ಬೀನ್ಸ್ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒಗ್ಗುವ ರೂಪಕ್ಕೆ ತರುತ್ತದೆ, ಕುಂಬಳದ ಅಗಲ ಎಲೆಗಳು ನೆಲಕ್ಕೆ ನೆರಳಾಗಿ ತೇವ ಆರದಂತೆ, ಕಳೆ ಏಳದಂತೆ ಕಾಯುತ್ತವೆ. ರಾಗಿಯ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳುಗಳ ಅಕ್ಕಡಿ ಸಾಲು ಹಾಕುವ ನಮ್ಮ ರೈತರಿಗೆ ಈ ತಿಳಿವಳಿಕೆ ಹೊಸದಲ್ಲ. ಕನ್ನಡ ಮನೆಯ ಮಗು ಆ ಚಿತ್ರವನ್ನು ತಂದು ಪಕ್ಕದಲ್ಲಿ ಅಂಟಿಸಿದರೆ ಇಡೀ ತರಗತಿಗೆ ಲಾಭ. ಮೂರರಿಂದ ಐದನೆಯ ಗ್ರೇಡುಗಳಿಗೆ ನಾನು ಬೆಣ್ಣೆಯನ್ನೂ ಕ್ರ್ಯಾನ್‌ಬೆರಿಯನ್ನೂ ಬಿಟ್ಟು ಇದನ್ನೇ ಆರಿಸುತ್ತೇನೆ.

ತಿನ್ನುವ ವಸ್ತು ಯಾವುದೇ ಇರಲಿ, ಶಿಕ್ಷಕರಿಂದ ಅಲರ್ಜಿಯ ಪಟ್ಟಿಯನ್ನು ಕೇಳಿ ಪಡೆಯದೆ ಅಂಗಡಿಗೆ ಹೋಗಬಾರದು. ಹಾಲಿನ ಅಲರ್ಜಿಯಿರುವ ಒಂದೇ ಒಂದು ಮಗು ಇದ್ದರೂ ಬೆಣ್ಣೆಯ ಚಟುವಟಿಕೆಯನ್ನು ಕೈಬಿಡುವುದು ಸರಿ. ಒಬ್ಬರನ್ನು ಮೂಲೆಯಲ್ಲಿ ಕೂರಿಸಿ ಉಳಿದವರು ಸಂಭ್ರಮಿಸುವ ಹಬ್ಬ ಮಕ್ಕಳಿಗೆ ಬೇಡ. ಎಳ್ಳು ಕೂಡ 2023ರಿಂದ ಅಮೆರಿಕದ ಪ್ರಮುಖ ಅಲರ್ಜಿಕಾರಕಗಳ ಪಟ್ಟಿಗೆ ಸೇರಿದೆ ಎಂಬುದನ್ನು ಮನೆಯಿಂದ ಎಳ್ಳುಂಡೆ, ಚಿಕ್ಕಿ ಒಯ್ಯಬೇಕೆಂದಿರುವವರು ಗಮನಿಸಬೇಕು. ಮನೆಯಲ್ಲಿ ಮಾಡಿದ ತಿಂಡಿಯನ್ನೇ ಒಳಗೆ ಬಿಡದ ಶಾಲೆಗಳೂ ಇವೆ.

ಟರ್ಕಿಗೆ ಮಾರುವೇಷ, ಮೆರವಣಿಗೆಗೆ ಬಲೂನು

ಕಾಗದದ ಟರ್ಕಿಯ ಆಕಾರವೊಂದನ್ನು ಮನೆಗೆ ಕಳಿಸಿ, ಅದು ಊಟದ ಮೇಜಿನಿಂದ ಪಾರಾಗುವಂತೆ ಮಾರುವೇಷ ಹಾಕಿಕೊಂಡು ಬನ್ನಿ ಎಂದು ಹೇಳುವ ಚಟುವಟಿಕೆ ಒಂದು ಮತ್ತು ಎರಡನೆಯ ಗ್ರೇಡುಗಳಲ್ಲಿ ಬಹಳ ಜನಪ್ರಿಯ. ಸಸ್ಯಾಹಾರಿ ಮನೆಯ ಮಕ್ಕಳಿಗೆ ಇದು ಮನಸ್ಸಿಗೆ ಒಪ್ಪುವಂಥದ್ದೂ ಹೌದು. ಇದರ ತೊಡಕೆಂದರೆ ಮನೆಗೆ ಕಳಿಸಿದ ಕೆಲಸ ತಂದೆತಾಯಿಯರ ಕೆಲಸವಾಗಿಬಿಡುವುದು. ಕರಕುಶಲ ಸಾಮಗ್ರಿ ತುಂಬಿದ ಮನೆಯ ಟರ್ಕಿಗೂ ಎರಡೆರಡು ಪಾಳಿ ದುಡಿಯುವ ತಾಯಿಯ ಮನೆಯ ಟರ್ಕಿಗೂ ಇರುವ ಅಂತರ ಬುಲೆಟಿನ್ ಬೋರ್ಡಿನ ಮೇಲೆ ಎಲ್ಲರಿಗೂ ಕಾಣುತ್ತದೆ. ಎಲ್ಲರಿಗೂ ಒಂದೇ ಪೆಟ್ಟಿಗೆಯ ಸಾಮಗ್ರಿ ಕೊಟ್ಟು ತರಗತಿಯಲ್ಲೇ ಮಾಡಿಸಿ, ನನ್ನನ್ನು ತಿನ್ನಬೇಡಿ, ಬದಲಿಗೆ ಇದನ್ನು ತಿನ್ನಿ ಎಂದು ಟರ್ಕಿಯೇ ವಾದಿಸುವ ಒಂದು ಪ್ಯಾರಾವನ್ನು ಬರೆಸಿದರೆ ಇದು ಒಳ್ಳೆಯ ಆಯ್ಕೆಯಾಗುತ್ತದೆ. ಬರವಣಿಗೆಯಿಲ್ಲದಿದ್ದರೆ ಅಲಂಕಾರವಷ್ಟೇ.

ಮೂರನೆಯ ಗ್ರೇಡು ದಾಟಿದವರಿಗೆ ಮೆರವಣಿಗೆಯ ಬಲೂನು ಹೆಚ್ಚು ಸವಾಲಿನದು. ಹಬ್ಬದ ದಿನ ನ್ಯೂಯಾರ್ಕಿನಲ್ಲಿ ಮೇಸಿಸ್ ಎಂಬ ದೊಡ್ಡ ಅಂಗಡಿ ನಡೆಸುವ ಮೆರವಣಿಗೆ 1924ರಲ್ಲಿ ಆರಂಭವಾಯಿತು; 1927ರಲ್ಲಿ ಟೋನಿ ಸಾರ್ಗ್ ಎಂಬ ಗೊಂಬೆಯಾಟದ ಕಲಾವಿದರು ಅದಕ್ಕೆ ದೈತ್ಯ ಬಲೂನುಗಳನ್ನು ತಂದರು. ಗೊಂಬೆಯ ದಾರವನ್ನು ಮೇಲಿನಿಂದ ಹಿಡಿಯುವ ಬದಲು ಕೆಳಗಿನಿಂದ ಹಿಡಿಯುವ ಆಲೋಚನೆ ಅದರ ಹಿಂದೆ ಇತ್ತು. ಯುದ್ಧಕಾಲದಲ್ಲಿ, 1942ರಿಂದ 1944ರವರೆಗೆ, ರಬ್ಬರ್ ಮತ್ತು ಹೀಲಿಯಂ ಕೊರತೆಯಿಂದ ಮೆರವಣಿಗೆ ನಡೆಯಲಿಲ್ಲ. ಗುಂಪುಗಳಲ್ಲಿ ಮಕ್ಕಳು ತಮ್ಮ ಬಲೂನಿನ ನಕ್ಷೆ ಬರೆದು, ಕಾಗದ, ಸ್ಟ್ರಾ, ದಾರಗಳಿಂದ ಅದನ್ನು ಕಟ್ಟಿ, ತರಗತಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ಬಾಗದೆ, ಹರಿಯದೆ ನಡೆಸಿಕೊಂಡು ಹೋಗಬೇಕು. ಬಿದ್ದರೆ ಕಾರಣ ಹುಡುಕಿ ತಿದ್ದಿ ಮತ್ತೆ ನಡೆಸಬೇಕು. ತಿದ್ದುವ ಸಮಯಕ್ಕೆಂದೇ ಅರ್ಧ ಗಂಟೆ ಇಟ್ಟುಕೊಳ್ಳದಿದ್ದರೆ ಇದನ್ನು ಆರಿಸಬೇಡಿ. ಲೇಟೆಕ್ಸ್ ಅಲರ್ಜಿಯ ಮಕ್ಕಳಿರಬಹುದಾದ್ದರಿಂದ ರಬ್ಬರ್ ಬಲೂನಿಗಿಂತ ಕಾಗದದ ಚೀಲವೇ ವಾಸಿ.

ಕೊಡುವ ಚಟುವಟಿಕೆ, ಕೇಳುವ ಚಟುವಟಿಕೆ

ಡಬ್ಬಿಯ ಆಹಾರವನ್ನು ಸಂಗ್ರಹಿಸಿ, ಅಗತ್ಯವಿರುವವರಿಗೆ ಉಚಿತವಾಗಿ ಆಹಾರ ಹಂಚುವ ಊರಿನ ಫುಡ್ ಬ್ಯಾಂಕಿಗೆ ಕೊಡುವ ಅಭಿಯಾನ ಇಡೀ ಶಾಲೆಗೆ ಹೊಂದುತ್ತದೆ. ವಿಂಗಡಿಸುವುದು ಕಿಂಡರ್‌ಗಾರ್ಟನ್‌ಗೆ, ಎಣಿಸಿ ಸ್ತಂಭನಕ್ಷೆ ಬರೆಯುವುದು ಎರಡು ಮೂರನೆಯ ಗ್ರೇಡಿಗೆ, ತೂಕ ಮತ್ತು ಅವಧಿ ಮುಗಿಯುವ ದಿನಾಂಕ ನೋಡಿ ಪೆಟ್ಟಿಗೆ ತುಂಬುವುದು ದೊಡ್ಡವರಿಗೆ. ಇದರಲ್ಲಿ ಒಂದು ಎಚ್ಚರಿಕೆಯನ್ನು ಬಹಳ ಮಂದಿ ಮರೆಯುತ್ತಾರೆ. ಅದೇ ಫುಡ್ ಬ್ಯಾಂಕಿನಿಂದ ಆಹಾರ ಪಡೆಯುವ ಕುಟುಂಬದ ಮಗು ಅದೇ ತರಗತಿಯಲ್ಲಿರಬಹುದು. ಯಾರು ಎಷ್ಟು ಡಬ್ಬಿ ತಂದರೆಂದು ಹೆಸರು ಬರೆಯುವುದು, ಹೆಚ್ಚು ತಂದ ತರಗತಿಗೆ ಪಿಜ್ಜಾ ಬಹುಮಾನ ಕೊಡುವುದು, ಬಡವರಿಗೆ ಕೊಡೋಣ ಎಂದು ಮಾತನಾಡುವುದು ಇವೆಲ್ಲ ಆ ಮಗುವಿಗೆ ನೋವು ತರುತ್ತವೆ. ಬಾಗಿಲ ಹೊರಗೆ ಪೆಟ್ಟಿಗೆಯಿಟ್ಟು, ತರುವವರು ತಂದು ಹಾಕಲಿ, ತರಗತಿಯ ಎಲ್ಲರೂ ಸೇರಿ ವಿಂಗಡಿಸಲಿ ಎಂಬ ವ್ಯವಸ್ಥೆಯೇ ಸರಿಯಾದದ್ದು. ಹಬ್ಬಕ್ಕೆ ಎಲ್ಲಿಗೆ ಹೋಗುತ್ತೀರಿ, ಏನು ತಿನ್ನುತ್ತೀರಿ ಎಂಬ ಬರವಣಿಗೆಯ ವಿಷಯಗಳನ್ನೂ ಇದೇ ಕಾರಣಕ್ಕೆ ನಾನು ದೂರ ಇಡುತ್ತೇನೆ. ಎಲ್ಲಿಗೂ ಹೋಗದ, ಧಾರ್ಮಿಕ ಕಾರಣದಿಂದ ಹಬ್ಬವನ್ನೇ ಆಚರಿಸದ ಮನೆಗಳಿವೆ.

ಹಿರಿಯರೊಬ್ಬರನ್ನು ಸಂದರ್ಶಿಸುವ ಚಟುವಟಿಕೆ ಎಲ್ಲ ಮನೆಗಳಿಗೂ ಒಪ್ಪುವಂಥದ್ದು. ಜನರ ಬದುಕಿನ ಕಥೆಗಳನ್ನು ಧ್ವನಿಮುದ್ರಿಸುವ ಸ್ಟೋರಿಕೋರ್ ಸಂಸ್ಥೆ 2015ರಿಂದ ಪ್ರೌಢಶಾಲಾ ವಿದ್ಯಾರ್ಥಿಗಳಿಗಾಗಿ ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಇಂಥ ಧ್ವನಿಮುದ್ರಣದ ಕಾರ್ಯಕ್ರಮ ನಡೆಸುತ್ತ ಬಂದಿದೆ; ಅದನ್ನು ಐದು ಪ್ರಶ್ನೆಗಳಿಗೆ ಇಳಿಸಿಕೊಂಡರೆ ಮೂರನೆಯ ಗ್ರೇಡಿನ ಮಗುವೂ ಮಾಡಬಲ್ಲದು. ಶಾಲೆಗೆ ಇದರ ದೋಷವೆಂದರೆ ಫಲ ಸಿಗುವುದು ರಜೆ ಮುಗಿದ ಮೇಲೆ. ಹಬ್ಬದ ಮುಂಚಿನ ಮಧ್ಯಾಹ್ನವನ್ನು ಇದು ತುಂಬುವುದಿಲ್ಲ. ಆದುದರಿಂದ ಪ್ರಶ್ನೆಗಳನ್ನು ರಚಿಸಿ, ಪರಸ್ಪರ ಅಭ್ಯಾಸ ಮಾಡುವುದನ್ನು ತರಗತಿಯಲ್ಲಿ ಇಟ್ಟುಕೊಂಡು, ಸಂದರ್ಶನವನ್ನು ರಜೆಗೆ ಬಿಡಬೇಕು.

ಅಮೆರಿಕದ ವಾರಾಂತ್ಯದ ಕನ್ನಡ ತರಗತಿಗಳಲ್ಲಿ ಕಲಿಸುವವರಿಗೆ ನಾನು ಮೇಲಿನ ಎಲ್ಲವನ್ನೂ ಬದಿಗಿಟ್ಟು ಇದೊಂದನ್ನೇ ಸೂಚಿಸುತ್ತೇನೆ. ರಾಜ್ಯೋತ್ಸವದ ನೃತ್ಯ, ನಾಟಕಗಳ ತಾಲೀಮು ಮುಗಿದು, ಅರ್ಧಕ್ಕರ್ಧ ಕುಟುಂಬಗಳು ಪ್ರಯಾಣದಲ್ಲಿರುವ ಆ ವಾರ ಹೊಸ ಪಾಠ ನಡೆಯುವುದು ಕಷ್ಟ. ಊರಿನ ಅಜ್ಜ ಅಜ್ಜಿಯರಿಗೆ ಫೋನು ಮಾಡಿ ಕನ್ನಡದಲ್ಲಿ ಐದು ಪ್ರಶ್ನೆ ಕೇಳುವುದು ಎಲ್ಲಿಂದಲಾದರೂ ಸಾಧ್ಯ. ಪ್ರಶ್ನೆಗಳನ್ನು ಸುಗ್ಗಿಯ ಸುತ್ತಲೇ ಇಡಬಹುದು. ಮಲೆನಾಡಿನವರಾದರೆ ಭೂಮಿ ಹುಣ್ಣಿಮೆಯಂದು ಗದ್ದೆಗೆ ಏನೇನು ಒಯ್ಯುತ್ತಿದ್ದಿರಿ, ಉತ್ತರ ಕರ್ನಾಟಕದವರಾದರೆ ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲುವಾಗ ಏನು ಹೇಳುತ್ತಿದ್ದಿರಿ, ಕೊಡಗಿನವರಾದರೆ ಹುತ್ತರಿಯ ಕದಿರು ತರಲು ಯಾರು ಯಾರು ಹೋಗುತ್ತಿದ್ದಿರಿ ಎಂದು ಕೇಳಿದರೆ ಹಿರಿಯರು ಬಿಡದೆ ಮಾತನಾಡುತ್ತಾರೆ. ನವೆಂಬರಿನಲ್ಲಿ ಅಮೆರಿಕದ ಪೂರ್ವ ಕರಾವಳಿಗೂ ಭಾರತಕ್ಕೂ ಹತ್ತೂವರೆ ಗಂಟೆಗಳ ಅಂತರವಿರುವುದರಿಂದ ಅಲ್ಲಿಯ ರಾತ್ರಿ ಎಂಟಕ್ಕೆ ಭಾರತದಲ್ಲಿ ಮರುದಿನ ಬೆಳಿಗ್ಗೆ ಆರೂವರೆ. ಪಶ್ಚಿಮ ಕರಾವಳಿಯವರಿಗೆ ಅಂತರ ಹದಿಮೂರೂವರೆ ಗಂಟೆ. ಅಜ್ಜಿ ಬಳಸಿದ, ತನಗೆ ಗೊತ್ತಿಲ್ಲದ ಮೂರು ಪದಗಳನ್ನು ಮಗು ಬರೆದುಕೊಂಡು ಬರಬೇಕೆಂದು ಹೇಳಿಕಳಿಸಿದರೆ ಮುಂದಿನ ವಾರದ ತರಗತಿಗೆ ಪಾಠವೂ ಸಿದ್ಧವಾಗಿರುತ್ತದೆ.